‘ನಾನು’ ಎಂದರೆ ಮಿದುಳು ಮಾತ್ರವೇ? ಈ ಪ್ರಶ್ನೆಯನ್ನು ಕ್ರಮವಾಗಿ ವಿಚಾರಿಸುವ ಬಗೆ

ಗುಳೇದಗುಡ್ಡದಲ್ಲಿ ನಲವತ್ತು ವರ್ಷ ಕುಪ್ಪಸದ ಖಣ ನೇಯ್ದ ನನ್ನ ದೊಡ್ಡಪ್ಪನಿಗೆ ಬದುಕಿನ ಕೊನೆಯ ಆರು ವರ್ಷಗಳಲ್ಲಿ ಅಲ್ಜೈಮರ್ ಕಾಯಿಲೆ ಇತ್ತು. ಮೊದಲು ಓಣಿಯ ಹೆಸರು ಮರೆಯಿತು, ಆಮೇಲೆ ಮೊಮ್ಮಕ್ಕಳ ಹೆಸರು. ಕಡೆಗೆ ಐವತ್ತು ವರ್ಷ ಜೊತೆಗೆ ಬಾಳಿದ ಹೆಂಡತಿಯನ್ನೇ ‘ನೀವು ಯಾರ ಮನಿಯವ್ರು?’ ಎಂದು ಕೇಳತೊಡಗಿದರು. ಒಂದು ಸಂಜೆ ದೊಡ್ಡವ್ವ ನನ್ನನ್ನು ಅಡುಗೆಮನೆಗೆ ಕರೆದು, ‘ಇವರು ನಮ್ಮ ಮನಿಯವರ ಹೌದೇನೋ ತಮ್ಮಾ, ಇಲ್ಲಾ ಅವರು ಆಗಲೇ ಹೋಗಿಬಿಟ್ಟಾರೋ?’ ಎಂದರು. ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುವ ನನಗೆ ಮಿದುಳಿನ ಭಾಗಗಳ ಹೆಸರುಗಳೆಲ್ಲ ಗೊತ್ತಿದ್ದವು. ಆದರೆ ಆ ಪ್ರಶ್ನೆಗೆ ಯಾವ ಉತ್ತರವೂ ಸಿದ್ಧವಿರಲಿಲ್ಲ.

ಅಂದಿನಿಂದ ಈ ಪ್ರಶ್ನೆಯನ್ನು ನಾನು ಹಲವು ಸಲ, ಹಲವು ದಾರಿಗಳಿಂದ ವಿಚಾರಿಸಿ ನೋಡಿದ್ದೇನೆ. ಎಲ್ಲಿ ಎಡವಿದೆ, ಯಾವ ಕ್ರಮದಲ್ಲಿ ವಿಚಾರಿಸಿದರೆ ಪ್ರಶ್ನೆ ಹಿಡಿತಕ್ಕೆ ಸಿಗುತ್ತದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದಕ್ಕೆ ತತ್ತ್ವಶಾಸ್ತ್ರದ ಓದು ಬೇಕಾಗಿಲ್ಲ. ಒಂದು ನೋಟುಪುಸ್ತಕ ಮತ್ತು ನಾಲ್ಕಾರು ಸಂಜೆಗಳ ಬಿಡುವು ಸಾಕು.

ಮೊದಲು ಪ್ರಶ್ನೆಯನ್ನು ಬಿಡಿಸಿ

ಈ ವಿಷಯದ ಮೇಲಿನ ಹೆಚ್ಚಿನ ಜಗಳಗಳು ಹುಟ್ಟುವುದು ಒಂದೇ ಮಾತಿನೊಳಗೆ ಮೂರು ಪ್ರಶ್ನೆಗಳು ಸೇರಿಕೊಂಡಿರುವುದರಿಂದ. ಅದೃಷ್ಟವಶಾತ್ ಕನ್ನಡದಲ್ಲಿ ಮೂರಕ್ಕೂ ಬೇರೆ ಬೇರೆ ಪದಗಳಿವೆ. ‘ಗುರುತು’ ಎಂಬುದು ಮೊದಲನೆಯದು: ನಿನ್ನೆ ಇದ್ದವನೂ ಇಂದು ಇರುವವನೂ ಒಬ್ಬನೇ ಹೌದೋ ಅಲ್ಲವೋ, ಸಾಲಪತ್ರಕ್ಕೆ ಸಹಿ ಹಾಕಿದವನೇ ಇವನು ಎಂದು ಹೇಗೆ ಹೇಳುತ್ತೇವೆ ಎಂಬ ಪ್ರಶ್ನೆ. ‘ನನ್ನತನ’ ಎಂಬುದು ಎರಡನೆಯದು: ನನ್ನನ್ನು ನಾನನ್ನಾಗಿ ಮಾಡಿರುವ ಸ್ವಭಾವ, ಒಲವು, ನಿಷ್ಠೆ, ಹಟ ಇವು ಯಾವುವು ಎಂಬುದು. ‘ಅರಿವು’ ಮೂರನೆಯದು: ಇದನ್ನೆಲ್ಲ ಅನುಭವಿಸುತ್ತಿರುವುದು ಯಾವುದು, ಅನುಭವ ಎಂಬುದಾದರೂ ಏಕೆ ಇದೆ ಎಂಬುದು.

ಪುಟದಲ್ಲಿ ಮೂರು ಅಂಕಣ ಗೆರೆ ಹಾಕಿ ಈ ಮೂರು ಪದಗಳನ್ನು ಮೇಲೆ ಬರೆಯಿರಿ. ಮುಂದೆ ಓದುವ, ಕೇಳುವ ಪ್ರತಿಯೊಂದು ಸಂಗತಿಯನ್ನೂ ಅದು ಯಾವ ಅಂಕಣಕ್ಕೆ ಸೇರಿದ್ದು ಎಂದು ನಿಶ್ಚಯಿಸಿಕೊಂಡೇ ಬರೆಯಿರಿ. ದೊಡ್ಡವ್ವ ಕೇಳಿದ ಪ್ರಶ್ನೆ ಎರಡನೆಯ ಅಂಕಣದ್ದಾಗಿತ್ತು. ನಾನು ಅದಕ್ಕೆ ಮೊದಲನೆಯ ಅಂಕಣದ ಉತ್ತರ ಕೊಟ್ಟು, ‘ಅವರ ಅಲ್ಲದ ಮತ್ಯಾರು ದೊಡ್ಡವ್ವಾ’ ಎಂದೆ. ಆ ಉತ್ತರದಲ್ಲಿ ಸುಳ್ಳಿರಲಿಲ್ಲ, ಆದರೆ ಅವರಿಗೆ ಅದರಿಂದ ಏನೂ ಸಿಗಲಿಲ್ಲ.

ಮಿದುಳಿಗೆ ಸಲ್ಲಬೇಕಾದುದನ್ನು ಪೂರ್ತಿ ಸಲ್ಲಿಸಿ

ಮನುಷ್ಯ ಮಿದುಳಿಗಿಂತ ಹೆಚ್ಚು ಎಂದು ನಂಬುವವರು ಸಾಮಾನ್ಯವಾಗಿ ಈ ಹಂತವನ್ನು ದಾಟಿಬಿಡುತ್ತಾರೆ, ಅಲ್ಲಿಗೆ ಅವರ ವಾದ ಸೊರಗುತ್ತದೆ. ವಯಸ್ಕರ ಮಿದುಳು ಸುಮಾರು 1.3ರಿಂದ 1.4 ಕಿಲೋಗ್ರಾಂ ತೂಗುತ್ತದೆ. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ದೇಹದ ತೂಕದಲ್ಲಿ ಶೇಕಡಾ 2ರಷ್ಟಿದ್ದರೂ ವಿಶ್ರಾಂತಿಯಲ್ಲಿರುವ ದೇಹದ ಶಕ್ತಿಯಲ್ಲಿ ಸುಮಾರು ಶೇಕಡಾ 20ನ್ನು ಅದೊಂದೇ ಬಳಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳಿನ ವಸ್ತುಸಂಗ್ರಹಾಲಯವಿದೆ. ಸಾಧ್ಯವಾದರೆ ಹೋಗಿ ಬನ್ನಿ. ಒಬ್ಬ ಮನುಷ್ಯನ ಬಾಲ್ಯ, ಭಾಷೆ, ಕೋಪ, ಪ್ರೀತಿ ಎಲ್ಲವೂ ಒಂದು ಕಾಲದಲ್ಲಿ ಈ ಬೂದುಬಣ್ಣದ ಮುದ್ದೆಯನ್ನು ಆಶ್ರಯಿಸಿದ್ದವು ಎಂಬ ಮಾತನ್ನು ಓದುವುದೇ ಬೇರೆ, ಅದರ ಎದುರು ನಿಂತು ನೆನೆಯುವುದೇ ಬೇರೆ.

ಒಂದು ಸರಳ ಪರೀಕ್ಷೆಯನ್ನು ಮನಸ್ಸಿನಲ್ಲೇ ಮಾಡಿ. ಬೇರೆಯವರ ಮೂತ್ರಪಿಂಡವನ್ನು ನಿಮಗೆ ಕಸಿ ಮಾಡಿದರೆ ನೀವು ನೀವೇ ಆಗಿರುತ್ತೀರಿ. ಕಾರ್ನಿಯಾ, ಯಕೃತ್ತು, ಹೃದಯ ಯಾವುದನ್ನು ಬದಲಿಸಿದರೂ ನೀವೇ ಉಳಿಯುತ್ತೀರಿ. ಮಿದುಳಿನ ಸರದಿ ಬಂದಾಗ ಮಾತ್ರ ನಾವು ತಡವರಿಸುತ್ತೇವೆ. ಅಂಥ ಶಸ್ತ್ರಚಿಕಿತ್ಸೆ ಸಾಧ್ಯವಾದರೆ ಅದನ್ನು ಪಡೆದವನು ಮಿದುಳನ್ನಲ್ಲ, ದೇಹವನ್ನು ದಾನ ಪಡೆದಂತೆ ಎಂದು ಬಹಳ ಜನರಿಗೆ ಅನ್ನಿಸುತ್ತದೆ. ನಮ್ಮ ಕಾನೂನೂ ಹೀಗೆಯೇ ಯೋಚಿಸಿದೆ. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ, ವೆಂಟಿಲೇಟರ್ ನೆರವಿನಿಂದ ಹೃದಯ ಬಡಿಯುತ್ತಿದ್ದರೂ ಮಿದುಳಿನ ಕಾಂಡ ಮರಳಿ ಬಾರದಂತೆ ನಿಂತುಹೋಗಿದೆ ಎಂದು ನಾಲ್ವರು ವೈದ್ಯರ ಮಂಡಳಿ ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ದೃಢಪಡಿಸಿದರೆ, ಅಲ್ಲಿಗೆ ಆ ವ್ಯಕ್ತಿ ಮೃತಪಟ್ಟಂತೆ. ಕೈ ಬೆಚ್ಚಗಿರುವಾಗಲೇ ಅಂಗಾಂಗ ದಾನಕ್ಕೆ ಒಪ್ಪಿಗೆ ಕೊಡುವ ಮನೆಯವರು ಎಂಥ ಕಠಿಣವಾದ ಮಾತನ್ನು ಒಪ್ಪುತ್ತಿದ್ದಾರೆ ಎಂಬುದನ್ನು ಯೋಚಿಸಿ.

ಇನ್ನು, ಪ್ರಸಿದ್ಧ ರೋಗಿಗಳ ಕಥೆಗಳನ್ನು ಓದುವಾಗ ಕೊನೆಯವರೆಗೂ ಓದಿ. ಅಮೆರಿಕದ ವರ್ಮಾಂಟ್‌ನಲ್ಲಿ ರೈಲುಮಾರ್ಗಕ್ಕೆ ಬಂಡೆ ಸಿಡಿಸುತ್ತಿದ್ದ ಇಪ್ಪತ್ತೈದರ ಹರೆಯದ ಫೀನಿಯಸ್ ಗೇಜ್‌ನ ಎಡಗೆನ್ನೆಯಿಂದ ಹೊಕ್ಕ ಸುಮಾರು ಆರು ಕಿಲೋ ತೂಕದ ಕಬ್ಬಿಣದ ಸಲಾಕೆ 1848ರ ಸೆಪ್ಟೆಂಬರ್ 13ರಂದು ನೆತ್ತಿಯಿಂದ ಹೊರಬಂತು. ಅವನು ಬದುಕಿದ, ಆದರೆ ಅವನು ಮೊದಲಿನ ಗೇಜ್ ಆಗಿ ಉಳಿದಿಲ್ಲವೆಂದು ಗೆಳೆಯರು ಹೇಳಿದ್ದನ್ನು ಅವನಿಗೆ ಚಿಕಿತ್ಸೆ ಕೊಟ್ಟ ವೈದ್ಯ ಜಾನ್ ಹಾರ್ಲೋ ದಾಖಲಿಸಿದರು. ಸ್ವಭಾವ ಮಿದುಳಿನ ಮುಂಭಾಗದಲ್ಲಿದೆ ಎಂಬುದಕ್ಕೆ ಪಠ್ಯಪುಸ್ತಕಗಳು ಇವನನ್ನೇ ಸಾಕ್ಷಿಯಾಗಿ ಕರೆತಂದು ಇಲ್ಲಿಗೇ ಕಥೆ ನಿಲ್ಲಿಸುತ್ತವೆ. ಆದರೆ ಅದೇ ಗೇಜ್ ಮುಂದೆ ಚಿಲಿ ದೇಶಕ್ಕೆ ಹೋಗಿ, ಪ್ರಯಾಣಿಕರನ್ನು ಸಾಗಿಸುವ ಕುದುರೆಗಾಡಿಯನ್ನು ಹಲವು ವರ್ಷ ಓಡಿಸಿ, 1860ರಲ್ಲಿ ತೀರಿಕೊಂಡ. ಕುದುರೆಗಳನ್ನು ಹಿಡಿತದಲ್ಲಿಟ್ಟು, ವೇಳೆಗೆ ಸರಿಯಾಗಿ ಹೊರಟು, ಪ್ರಯಾಣಿಕರೊಡನೆ ಸರಿಯಾಗಿ ನಡೆದುಕೊಳ್ಳಬೇಕಾದ ಕೆಲಸ ಅದು. ದಿನವೂ ಒಂದೇ ಕ್ರಮದಲ್ಲಿ ಸಾಗುವ ಆ ದುಡಿಮೆ ಅವನನ್ನು ಮತ್ತೆ ಕಟ್ಟಿರಬಹುದೆಂದು ಕೆಲವು ವಿದ್ವಾಂಸರು ಭಾವಿಸುತ್ತಾರೆ. ಮಿದುಳಿನ ಗಾಯ ಮನುಷ್ಯನನ್ನು ಬದಲಿಸಿತು ಎಂಬುದು ನಿಜವಾದರೆ, ಬದುಕಿದ ರೀತಿ ಅವನನ್ನು ಮತ್ತೊಮ್ಮೆ ಬದಲಿಸಿತು ಎಂಬುದೂ ನಿಜವಿರಬಹುದು. ಎರಡನ್ನೂ ‘ನನ್ನತನ’ದ ಅಂಕಣದಲ್ಲಿ ಬರೆದಿಡಿ.

ಮನೆಯಲ್ಲೇ ಒಂದು ಪ್ರಯೋಗ ಮಾಡಿ

‘ಇದು ನನ್ನ ದೇಹ’ ಎಂಬ ಅನಿಸಿಕೆ ಎಷ್ಟು ಗಟ್ಟಿಯಾದದ್ದೆಂದು ನೋಡಲು 1998ರಲ್ಲಿ ಮೊದಲು ಪ್ರಕಟವಾದ ರಬ್ಬರ್ ಕೈ ಪ್ರಯೋಗವನ್ನು ಮಾಡಬಹುದು. ರಬ್ಬರ್ ಕೈಗವಸಿಗೆ ಹತ್ತಿ ತುಂಬಿ ಮೇಜಿನ ಮೇಲೆ, ನಿಮ್ಮ ಕೈ ಸಹಜವಾಗಿ ಇರಬೇಕಾದ ದಿಕ್ಕಿನಲ್ಲಿ ಇಡಿ. ನಿಮ್ಮ ನಿಜವಾದ ಕೈಯನ್ನು ಅದರ ಪಕ್ಕದಲ್ಲೇ, ರಟ್ಟಿನ ಮರೆಯಲ್ಲಿ ನಿಮಗೆ ಕಾಣದಂತೆ ಇಟ್ಟುಕೊಳ್ಳಿ. ಇನ್ನೊಬ್ಬರು ಎರಡು ಕುಂಚಗಳನ್ನು ಹಿಡಿದು ಎರಡೂ ಕೈಗಳ ಅದೇ ಬೆರಳನ್ನು ಅದೇ ಗಳಿಗೆಯಲ್ಲಿ, ಅದೇ ದಿಕ್ಕಿನಲ್ಲಿ ಸವರುತ್ತಿರಲಿ. ನೀವು ರಬ್ಬರ್ ಕೈಯನ್ನೇ ನೋಡುತ್ತಿರಿ. ಒಂದೆರಡು ನಿಮಿಷಗಳಲ್ಲಿ ಬಹಳ ಜನರಿಗೆ ಸ್ಪರ್ಶ ಆ ರಬ್ಬರ್ ಬೆರಳಿನಲ್ಲೇ ಆಗುತ್ತಿದೆ ಎನ್ನಿಸತೊಡಗುತ್ತದೆ. ಎಲ್ಲರಿಗೂ ಆಗುವುದಿಲ್ಲ, ಸವರುವ ಲಯ ತಪ್ಪಿದರೆ ಭ್ರಮೆಯೂ ಒಡೆಯುತ್ತದೆ.

ನನ್ನ ಒಂಬತ್ತನೆಯ ತರಗತಿಯ ಮಕ್ಕಳು ಇದನ್ನು ಮಾಡಿದಾಗ ಒಬ್ಬ ಹುಡುಗಿ ರಬ್ಬರ್ ಕೈಗೆ ಸ್ಕೇಲು ತಾಗುವ ಮೊದಲೇ ತನ್ನ ಕೈ ಎಳೆದುಕೊಂಡಳು. ‘ನನ್ನದು’ ಎಂಬ ಭಾವವನ್ನು ಮಿದುಳು ಕಣ್ಣು ಮತ್ತು ಚರ್ಮ ತಂದ ಸುದ್ದಿಗಳನ್ನು ಹೊಂದಿಸಿ ಕ್ಷಣಕ್ಷಣವೂ ಕಟ್ಟುತ್ತಿದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಪಾಠವೂ ಹೇಳಲಾರದು. ಆದರೆ ಇನ್ನೊಂದನ್ನೂ ಗಮನಿಸಿ: ಕಣ್ಣು, ಚರ್ಮ, ಮೇಜು, ಕುಂಚ ಹಿಡಿದ ಗೆಳತಿ ಇವರ್ಯಾರೂ ಇಲ್ಲದೆ ತಲೆಬುರುಡೆಯೊಳಗಿನ ಮಿದುಳೊಂದೇ ಈ ‘ನನ್ನದು’ ಎಂಬುದನ್ನು ಕಟ್ಟಲಿಲ್ಲ.

ನೆನಪನ್ನೂ ಗುರುತನ್ನೂ ಒಂದೇ ಎಂದುಕೊಳ್ಳಬೇಡಿ

ಇದು ಅತ್ಯಂತ ಸಾಮಾನ್ಯವಾದ ತಪ್ಪು, ನಾನೂ ಬಹಳ ಕಾಲ ಮಾಡಿದ ತಪ್ಪು. ಇಂಗ್ಲೆಂಡಿನ ತತ್ತ್ವಶಾಸ್ತ್ರಜ್ಞ ಜಾನ್ ಲಾಕ್ 1694ರಲ್ಲಿ, ಒಬ್ಬ ರಾಜಕುಮಾರನ ಪ್ರಜ್ಞೆ ಚಮ್ಮಾರನೊಬ್ಬನ ದೇಹವನ್ನು ಹೊಕ್ಕರೆ ಆ ವ್ಯಕ್ತಿ ರಾಜಕುಮಾರನೇ ಎಂದು ವಾದಿಸಿ, ಗುರುತು ಇರುವುದು ನೆನಪಿನ ಮುಂದುವರಿಕೆಯಲ್ಲಿ ಎಂಬ ವಿಚಾರಕ್ಕೆ ದಾರಿ ಮಾಡಿದ. ಸ್ಕಾಟ್ಲೆಂಡಿನ ಥಾಮಸ್ ರೀಡ್ 1785ರಲ್ಲಿ ಅದಕ್ಕೆ ಒಂದು ತೊಡಕು ತೋರಿಸಿದ. ಬಾಲ್ಯದಲ್ಲಿ ತೋಟಕ್ಕೆ ನುಗ್ಗಿ ಪೆಟ್ಟು ತಿಂದ ಹುಡುಗ, ಮುಂದೆ ಶತ್ರುವಿನ ಧ್ವಜ ಕಿತ್ತುತಂದ ಸೈನ್ಯಾಧಿಕಾರಿ, ಕಡೆಗೆ ಮುದಿ ಸೇನಾಪತಿ. ಅಧಿಕಾರಿಗೆ ಪೆಟ್ಟಿನ ನೆನಪಿದೆ, ಸೇನಾಪತಿಗೆ ಧ್ವಜದ ನೆನಪಿದೆ, ಆದರೆ ಪೆಟ್ಟು ಪೂರಾ ಮರೆತಿದೆ. ನೆನಪೇ ಗುರುತಾದರೆ ಸೇನಾಪತಿ ಆ ಹುಡುಗನೇ ಹೌದು ಮತ್ತು ಅಲ್ಲ ಎಂದು ಎರಡನ್ನೂ ಒಟ್ಟಿಗೆ ಹೇಳಬೇಕಾಗುತ್ತದೆ.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಮನೆಯ ಮಗ್ಗ. ಒಂದು ಹಾಸು, ಅಂದರೆ ಬಟ್ಟೆಯ ಉದ್ದಕ್ಕೆ ಬಿಗಿದ ಎಳೆಗಳು, ಮುಗಿಯುತ್ತ ಬಂದಾಗ ನೇಕಾರ ಅದನ್ನು ಮಗ್ಗದಿಂದ ಪೂರ್ತಿ ಬಿಚ್ಚುವುದಿಲ್ಲ. ಹಳೆಯ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಸೇರಿಸುತ್ತ ಹೋಗುತ್ತಾನೆ. ಮೊದಲ ಹಾಸಿನ ಒಂದು ಎಳೆಯೂ ಹತ್ತನೆಯ ಹಾಸಿನಲ್ಲಿ ಇರುವುದಿಲ್ಲ, ಆದರೂ ನಡುವೆ ಎಲ್ಲಿಯೂ ಕಡಿದಿಲ್ಲ. ಗುರುತಿಗೆ ಬೇಕಾದದ್ದು ಇಂಥ ಕೂಡಿಕೆ ಎಂದುಕೊಂಡರೆ ರೀಡ್‌ನ ತೊಡಕು ಬಹುಮಟ್ಟಿಗೆ ಬಿಡುತ್ತದೆ.

ಅಮೆರಿಕದ ಹೆನ್ರಿ ಮೊಲೈಸನ್‌ಗೆ 1953ರಲ್ಲಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಮೂರ್ಛೆರೋಗಕ್ಕಾಗಿ ಮಿದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್ ಭಾಗವನ್ನು ಬಹುಪಾಲು ತೆಗೆದುಹಾಕಿದರು. ಅಲ್ಲಿಂದ 2008ರಲ್ಲಿ ಸಾಯುವವರೆಗೆ ಹೊಸ ಸಂಗತಿಗಳು ಅವನ ನೆನಪಿನಲ್ಲಿ ನಿಲ್ಲಲಿಲ್ಲ. ಆದರೆ ಕನ್ನಡಿಯಲ್ಲಿ ನೋಡುತ್ತ ನಕ್ಷತ್ರ ಬರೆಯುವ ಕೆಲಸವನ್ನು ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಅವನಿಗೆ ದಿನದಿನವೂ ಕೊಟ್ಟಾಗ, ಹಿಂದೆಂದೂ ಅದನ್ನು ಮಾಡಿದ ನೆನಪಿಲ್ಲದೆಯೇ ಅವನ ಕೈ ಪಳಗುತ್ತ ಹೋಯಿತು. ನನ್ನ ದೊಡ್ಡಪ್ಪನಿಗೂ ಹಾಗೆಯೇ: ಮಕ್ಕಳ ಗುರುತು ಸಿಗದ ದಿನಗಳಲ್ಲೂ ಕಡಿದ ಎಳೆಯನ್ನು ಕೈಗೆ ಕೊಟ್ಟರೆ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒಂದೇ ತಿರುವಿನಲ್ಲಿ ಗಂಟು ಬೀಳುತ್ತಿತ್ತು.

ಇಲ್ಲಿ ಎಚ್ಚರಿಕೆ ಬೇಕು. ‘ನೋಡಿ, ಮಿದುಳು ಹೋದರೂ ಮನುಷ್ಯ ಉಳಿದ’ ಎಂದು ನಾನು ಆಗ ಸಂಭ್ರಮಿಸಿದ್ದೆ. ಅದು ತಪ್ಪು. ಕೈಯ ಪಳಗಿಕೆ ಕೂಡ ಮಿದುಳಿನದೇ. ಅದು ಹಿಪೊಕ್ಯಾಂಪಸ್ಸನ್ನಲ್ಲ, ಕಿರುಮಿದುಳು ಮತ್ತು ಬೇಸಲ್ ಗ್ಯಾಂಗ್ಲಿಯಾ ಎಂಬ ಬೇರೆ ಭಾಗಗಳನ್ನು ಅವಲಂಬಿಸಿದೆ. ಈ ಉದಾಹರಣೆಗಳು ತೋರಿಸುವುದು ಮನುಷ್ಯ ತನ್ನ ನೆನಪುಗಳಿಗಿಂತ ಹೆಚ್ಚು ಎಂಬುದನ್ನು ಮಾತ್ರ. ಮಿದುಳಿಗಿಂತ ಹೆಚ್ಚು ಎಂಬುದಕ್ಕೆ ಬೇರೆ ಸಾಕ್ಷಿ ಬೇಕು.

ವ್ಯಾಕರಣದಿಂದ ಆತ್ಮವನ್ನು ಸಾಧಿಸಲು ಹೋಗಬೇಡಿ

‘ನನ್ನ ಮಿದುಳು ಎನ್ನುತ್ತೇವೆ, ಹಾಗಾದರೆ ನಾನು ಮಿದುಳಿಗಿಂತ ಬೇರೆ’ ಎಂಬ ವಾದವನ್ನು ಪ್ರವಚನಗಳಲ್ಲಿ ಆಗಾಗ ಕೇಳುತ್ತೇವೆ. ‘ನನ್ನ ಆತ್ಮ’ ಎಂದೂ ಹೇಳುತ್ತೇವಲ್ಲ, ಹಾಗಾದರೆ ನಾನು ಆತ್ಮಕ್ಕಿಂತಲೂ ಬೇರೆಯೇ ಎಂದು ಕೇಳಿದರೆ ಆ ವಾದ ನಿಲ್ಲುವುದಿಲ್ಲ. ನಮ್ಮ ಪ್ರಾಚೀನರ ವಾದಗಳು ಇದಕ್ಕಿಂತ ಬಹಳ ಗಟ್ಟಿಯಾದವು, ಅವುಗಳನ್ನು ಅವುಗಳ ಗಟ್ಟಿ ರೂಪದಲ್ಲೇ ಓದಬೇಕು. ನ್ಯಾಯ ದರ್ಶನದ ಮೂಲಗ್ರಂಥವಾದ ನ್ಯಾಯಸೂತ್ರ ಹೇಳುವುದು ಇದು: ಕಣ್ಣಿನಿಂದ ಕಂಡ ವಸ್ತುವನ್ನೇ ಈಗ ಕೈಯಿಂದ ಮುಟ್ಟುತ್ತಿದ್ದೇನೆ ಎಂಬ ಅರಿವು ಕಣ್ಣಿಗೂ ಸೇರಿದ್ದಲ್ಲ, ಚರ್ಮಕ್ಕೂ ಸೇರಿದ್ದಲ್ಲ, ಎರಡನ್ನೂ ಕೂಡಿಸುವ ಒಬ್ಬನು ಬೇಕು. ದೇಹದಾಚೆಗೆ ಆತ್ಮವಿಲ್ಲ ಎನ್ನುವ ಚಾರ್ವಾಕರು ಇದನ್ನು ಒಪ್ಪಲಿಲ್ಲ. ಬಿಡಿಬಿಡಿಯಾಗಿ ಅಮಲಿಲ್ಲದ ಪದಾರ್ಥಗಳು ಸೇರಿ ಹುದುಗಿದಾಗ ಅಮಲು ಹುಟ್ಟುವಂತೆ ಮಣ್ಣು, ನೀರು, ಬೆಂಕಿ, ಗಾಳಿ ಎಂಬ ಭೂತಗಳ ಸೇರುವಿಕೆಯಿಂದ ಚೈತನ್ಯ ಹುಟ್ಟುತ್ತದೆ ಎಂದರು. ಬೌದ್ಧರು ಕೂಡಿಸುವವನನ್ನೇ ಕೈಬಿಟ್ಟು ಕ್ಷಣಕ್ಷಣದ ಅರಿವಿನ ಹರಿವೊಂದೇ ಸಾಕೆಂದರು.

ಇವುಗಳ ಪಕ್ಕದಲ್ಲಿ ಅಮೆರಿಕದ ನರವಿಜ್ಞಾನಿ ರೋಜರ್ ಸ್ಪೆರಿಗೆ 1981ರ ನೊಬೆಲ್ ಪ್ರಶಸ್ತಿ ತಂದ ಸಂಶೋಧನೆಯನ್ನು ಇಟ್ಟು ನೋಡಿ. ತೀವ್ರ ಮೂರ್ಛೆರೋಗ ತಡೆಯಲು ಮಿದುಳಿನ ಎರಡು ಅರ್ಧಗಳನ್ನು ಜೋಡಿಸುವ ನರಗಳ ಸೇತುವೆಯನ್ನು ಕತ್ತರಿಸಿದ ರೋಗಿಗಳನ್ನು ಅವರೂ ಅವರ ಶಿಷ್ಯ ಮೈಕೆಲ್ ಗಜ್ಜಾನಿಗರೂ ಪರೀಕ್ಷಿಸಿದರು. ಅಂಥ ಒಬ್ಬನ ಎಡ ಅರ್ಧಕ್ಕೆ ಕೋಳಿಯ ಪಂಜದ ಚಿತ್ರವನ್ನೂ ಬಲ ಅರ್ಧಕ್ಕೆ ಹಿಮ ಬಿದ್ದ ಮನೆಯ ಚಿತ್ರವನ್ನೂ ತೋರಿಸಿದಾಗ, ಬಲ ಅರ್ಧದ ಹಿಡಿತದಲ್ಲಿರುವ ಅವನ ಎಡಗೈ ಹಿಮ ತೆಗೆಯುವ ಸಲಿಕೆಯ ಚಿತ್ರವನ್ನು ಆರಿಸಿತು. ಏಕೆಂದು ಕೇಳಿದರೆ, ಹಿಮವನ್ನು ಕಾಣದ, ಮಾತಾಡಬಲ್ಲ ಎಡ ಅರ್ಧ ‘ಕೋಳಿಗೂಡು ಸ್ವಚ್ಛ ಮಾಡಲು ಸಲಿಕೆ ಬೇಕಲ್ಲ’ ಎಂಬ ಅರ್ಥದ ಉತ್ತರವನ್ನು ಹಿಂದೆಮುಂದೆ ನೋಡದೆ ಕೊಟ್ಟಿತು. ಕೂಡಿಸುವವನು ಎಂದು ನಾವು ಭಾವಿಸಿದ್ದು ಕೆಲವೊಮ್ಮೆ ಕಥೆ ಕಟ್ಟುವವನು ಮಾತ್ರ ಎಂದಾಯಿತು. ನನ್ನ ಮಟ್ಟಿಗೆ ಇದು ಆತ್ಮವಾದಿಗೂ ‘ಮಿದುಳೇ ನಾನು’ ಎನ್ನುವವನಿಗೂ ಸಮನಾದ ಪೆಟ್ಟು, ಏಕೆಂದರೆ ಮಿದುಳು ನಾನಾದರೆ ಅದರ ಯಾವ ಅರ್ಧ ನಾನು ಎಂಬ ಪ್ರಶ್ನೆ ಏಳುತ್ತದೆ.

‘ಅರಿವಿ’ನ ಅಂಕಣವನ್ನು ಅವಸರದಿಂದ ತುಂಬಬೇಡಿ. 1998ರಲ್ಲಿ ನರವಿಜ್ಞಾನಿ ಕ್ರಿಸ್ಟಾಫ್ ಕಾಖ್, ಪ್ರಜ್ಞೆಗೆ ಕಾರಣವಾಗುವ ನರಕೋಶಗಳ ಚಟುವಟಿಕೆ ಇಪ್ಪತ್ತೈದು ವರ್ಷಗಳೊಳಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ ಎಂದು ತತ್ತ್ವಶಾಸ್ತ್ರಜ್ಞ ಡೇವಿಡ್ ಚಾಮರ್ಸ್‌ರೊಡನೆ ಪಂದ್ಯ ಕಟ್ಟಿದ್ದರು. 2023ರಲ್ಲಿ ಸೋಲೊಪ್ಪಿ ದ್ರಾಕ್ಷಾರಸದ ಬಾಟಲಿಗಳನ್ನು ಕೊಟ್ಟರು. ವಿಜ್ಞಾನಕ್ಕೆ ಇನ್ನೂ ಗೊತ್ತಾಗಿಲ್ಲ ಎಂಬುದು ಆತ್ಮ ಇದೆ ಎಂಬುದಕ್ಕೆ ಪುರಾವೆಯಾಗುವುದಿಲ್ಲ. ಎಲ್ಲ ಗೊತ್ತಾಗಿದೆ ಎನ್ನುವುದೂ ಪ್ರಾಮಾಣಿಕವಲ್ಲ. ಈ ಅಂಕಣದಲ್ಲಿ ಖಾಲಿ ಜಾಗ ಉಳಿದರೆ ಉಳಿಯಲಿ.

ತಲೆಬುರುಡೆಯ ಹೊರಗೆ ನೋಡಿ

ಈಗ ನಿಜವಾದ ಸಾಕ್ಷಿಯ ಕಡೆಗೆ ಬರಬಹುದು. 2015ರಲ್ಲಿ ನೀನಾ ಸ್ಟ್ರೋಮಿಂಜರ್ ಮತ್ತು ಶಾನ್ ನಿಕೋಲ್ಸ್ ಎಂಬ ಸಂಶೋಧಕರು ನರ ಕ್ಷಯಿಸುವ ಮೂರು ಬಗೆಯ ಕಾಯಿಲೆಗಳ ರೋಗಿಗಳನ್ನು ನೋಡಿಕೊಳ್ಳುವ ಮನೆಯವರನ್ನು, ‘ಇವರು ಮೊದಲಿನವರೇ ಎನ್ನಿಸುತ್ತದೆಯೇ’ ಎಂಬ ಅರ್ಥದ ಪ್ರಶ್ನೆಗಳನ್ನು ಕೇಳಿದರು. ಮನುಷ್ಯನೇ ಬದಲಾದ ಎಂಬ ಭಾವಕ್ಕೆ ನೆನಪಿನ ನಷ್ಟ ಅಷ್ಟಾಗಿ ಕಾರಣವಾಗಿರಲಿಲ್ಲ. ದಯೆ, ಪ್ರಾಮಾಣಿಕತೆ, ನಿಷ್ಠೆಯಂಥ ನೈತಿಕ ಗುಣಗಳು ಕದಲಿದಾಗಲೇ ಆ ಭಾವ ಬಲವಾಗಿತ್ತು. ಹಾಗಾಗಿ ಮಿದುಳಿನ ಮುಂಭಾಗವನ್ನು ಕಾಡುವ ಫ್ರಂಟೊಟೆಂಪೊರಲ್ ಡಿಮೆನ್ಷಿಯಾದಲ್ಲಿ ಅದು ಅಲ್ಜೈಮರ್‌ಗಿಂತ ಹೆಚ್ಚಾಗಿ ಕಂಡಿತು. ದಯೆಯೂ ಮಿದುಳನ್ನು ಆಶ್ರಯಿಸಿದೆ, ಒಪ್ಪೋಣ. ಆದರೆ ದಯೆ ಎಂಬುದು ಇನ್ನೊಬ್ಬರ ಕಡೆಗೆ ಇರುವ ಗುಣ. ಅದು ಇದೆಯೋ ಇಲ್ಲವೋ ಎಂಬುದು ಇಬ್ಬರ ನಡುವೆ ತೋರಬೇಕೇ ಹೊರತು ಒಬ್ಬನ ಸ್ಕ್ಯಾನ್ ಚಿತ್ರದಲ್ಲಿ ಪೂರ್ತಿ ಸಿಗುವುದಿಲ್ಲ.

ಕೊಟ್ಟ ಮಾತು, ಸಾಲ, ಸಂಬಂಧ, ಹೆಸರು ಇವೂ ಹಾಗೆಯೇ. ದೊಡ್ಡಪ್ಪ ಯಾರ ತಂದೆ ಎಂಬುದನ್ನು ಮರೆತರು. ಮರೆತ ಮಾತ್ರಕ್ಕೆ ಅವರು ತಂದೆಯಲ್ಲದೆ ಹೋಗಲಿಲ್ಲ. ಅವರ ಗುರುತಿನ ಒಂದು ಪಾಲನ್ನು ಇತರರು ಹೊತ್ತುಕೊಂಡಿದ್ದರು, ಮೊದಲಿನಿಂದಲೂ ಹೊತ್ತುಕೊಂಡೇ ಇದ್ದರು. ಮಿದುಳು ಹಾಸು; ದೇಹ, ಭಾಷೆ, ಊರು, ಜೊತೆಗಾರರು ಅಡ್ಡಕ್ಕೆ ಹೆಣೆಯುವ ಹೊಕ್ಕು ಎಂದು ನಾನು ತಿಳಿಯುತ್ತೇನೆ. ಹಾಸಿಲ್ಲದೆ ಬಟ್ಟೆಯಿಲ್ಲ, ಹಾಸು ಕಡಿದರೆ ಬಟ್ಟೆ ಅಲ್ಲಿಗೇ ನಿಲ್ಲುತ್ತದೆ. ಆದರೆ ಬಟ್ಟೆಯನ್ನು ತೋರಿಸಿ ಇದು ಬರೀ ಹಾಸು ಎಂದು ಯಾವ ನೇಕಾರನೂ ಹೇಳುವುದಿಲ್ಲ. ಮನುಷ್ಯನ ಗುರುತು ಮತ್ತು ನನ್ನತನ ಮಿದುಳಿಗಿಂತ ಹೆಚ್ಚು ಎಂದು ನಾನು ಹೇಳುವುದು ಈ ಅರ್ಥದಲ್ಲಿ, ದೇಹ ಬಿಟ್ಟ ಮೇಲೂ ಉಳಿಯುವ ವಸ್ತುವೊಂದಿದೆ ಎಂಬ ಅರ್ಥದಲ್ಲಿ ಅಲ್ಲ. ಆ ಎರಡನೆಯದನ್ನು ನಂಬುವವರು ನಂಬಿಕೆ ಎಂದೇ ಅದನ್ನು ಇಟ್ಟುಕೊಳ್ಳಬಹುದು, ಮಿದುಳಿನ ಚಿತ್ರಗಳಿಂದ ಅದಕ್ಕೆ ಆಧಾರ ಹುಡುಕುವ ಅಗತ್ಯವಿಲ್ಲ.

ಉತ್ತರವನ್ನು ಕೆಲಸಕ್ಕೆ ಹಚ್ಚಿ

ವಿಚಾರ ಇಷ್ಟು ದೂರ ಬಂದ ಮೇಲೆ ಎರಡು ಕೆಲಸಗಳನ್ನು ಮಾಡಿ. ಮೊದಲನೆಯದು, ನಿಮ್ಮ ನೆನಪು ಹೋದರೂ ಜೊತೆಯವರು ಉಳಿಸಿಕೊಳ್ಳಬೇಕಾದ ನಿಮ್ಮತನ ಯಾವುದೆಂದು ಬರೆದಿಡಿ: ಯಾವ ದೇವರ ಮುಂದೆ ದೀಪ ಹಚ್ಚಬೇಕು ಅಥವಾ ಹಚ್ಚಬಾರದು, ಯಾರ ಮೇಲೂ ಕೈ ಎತ್ತದಂತೆ ಹೇಗೆ ನೋಡಿಕೊಳ್ಳಬೇಕು, ಬೆಳಿಗ್ಗೆ ಕೈಗೆ ಏನು ಕೊಡಬೇಕು. ಚಿಕಿತ್ಸೆಯ ಬಗ್ಗೆ ಮುಂಚಿತವಾಗಿ ಇಚ್ಛೆ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದಿದೆ. 2023ರಲ್ಲಿ ಕ್ರಮವನ್ನು ಸರಳಗೊಳಿಸಿದ ಮೇಲೆ ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಅದರ ಜಾರಿಗೆ ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ. ಇಂದಿನ ನೀವು ಮುಂದಿನ ನಿಮ್ಮ ಪರವಾಗಿ ಮಾತಾಡುವ ಕಾಗದ ಅದು. ಬರೆಯುವಾಗ ಮೂರು ಅಂಕಣಗಳ ಆ ಪುಟ ಪಕ್ಕದಲ್ಲಿರಲಿ.

ಎರಡನೆಯದು, ಮರೆವಿನ ಕಾಯಿಲೆಯವರು ಮನೆಯಲ್ಲಿದ್ದರೆ ‘ನಾನು ಯಾರು ಹೇಳು ನೋಡೋಣ’ ಎಂದು ಪರೀಕ್ಷೆ ಮಾಡಬೇಡಿ. ನೀವು ಯಾರೆಂದು ನೀವೇ ಹೇಳಿ, ಎಷ್ಟು ಸಲವಾದರೂ ಹೇಳಿ, ಕೈಗೆ ಅವರ ಕೆಲಸವನ್ನು ಕೊಡಿ.

ದೊಡ್ಡವ್ವನಿಗೆ ನಾನು ಎರಡನೆಯ ಬಾರಿ ಉತ್ತರ ಕೊಟ್ಟಾಗ ಹೇಳಿದ್ದು ಇಷ್ಟನ್ನೇ. ಆಮೇಲೆ ಅವರು ದಿನವೂ ಬೆಳಿಗ್ಗೆ ದೊಡ್ಡಪ್ಪನ ಮುಂದೆ ಕುಳಿತು ತಮ್ಮ ಹೆಸರು, ತವರೂರು, ಮದುವೆಯಾದ ವರ್ಷ ಎಲ್ಲವನ್ನೂ ಹೊಸಬರಿಗೆ ಹೇಳುವಂತೆ ಹೇಳಿ, ಒಂದು ಹಿಡಿ ರೇಷ್ಮೆ ಎಳೆಗಳನ್ನು ಅವರ ತೊಡೆಯ ಮೇಲೆ ಇಡತೊಡಗಿದರು. ದೊಡ್ಡಪ್ಪ ಪೂರ್ತಿ ಕೇಳಿಸಿಕೊಂಡು, ‘ಹೌದ್ರಿ? ಛಲೋ ಆತು ಬಂದದ್ದು, ಕೂಡ್ರಿ’ ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟು, ಎಳೆಗಳಿಗೆ ಗಂಟು ಹಾಕಲು ಕೂರುತ್ತಿದ್ದರು.